ಟಾಪ್-ಟೂ ಪ್ರೈಮರಿಯೋ, ಪಕ್ಷದ ಪ್ರೈಮರಿಯೋ?

ಅಮೆರಿಕದಲ್ಲಿ ನವೆಂಬರ್‌ನ ಮುಖ್ಯ ಚುನಾವಣೆಗೆ ಯಾರು ನಿಲ್ಲಬೇಕೆಂದು ಮೊದಲೇ ತೀರ್ಮಾನಿಸುವ ಮತದಾನವೇ ಪ್ರೈಮರಿ. ನ್ಯೂಯಾರ್ಕ್‌ನಲ್ಲಿ ಅದು ಪಕ್ಷದ ಮನೆಯೊಳಗಿನ ವ್ಯವಹಾರ. ಡೆಮಾಕ್ರಟ್ ಎಂದು ನೋಂದಾಯಿಸಿದವರಷ್ಟೇ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಬಹುದು. ಯಾವ ಪಕ್ಷಕ್ಕೂ ಸೇರದವರು ನವೆಂಬರ್‌ವರೆಗೆ ಸುಮ್ನೆ ಕಾಯಬೇಕು.

ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸೀಟಿನ ಪ್ರೈಮರಿಗೆ ಎಲ್ಲ ಪಕ್ಷದವರಿಗೂ ಒಂದೇ ಪಟ್ಟಿ. ಯಾರು ಬೇಕಾದರೂ ಯಾರಿಗಾದರೂ ವೋಟ್ ಹಾಕಬಹುದು. ಹೆಚ್ಚು ವೋಟು ಪಡೆದ ಮೊದಲ ಇಬ್ಬರು, ಒಂದೇ ಪಕ್ಷದವರಾದರೂ ಸರಿ, ನವೆಂಬರ್‌ಗೆ ಹೋಗುತ್ತಾರೆ. ಇದೇ ಟಾಪ್-ಟೂ. 2016ರಲ್ಲಿ ಸಿಲಿಕಾನ್ ವ್ಯಾಲಿಯ 17ನೇ ಕ್ಷೇತ್ರದಲ್ಲಿ ರೋ ಖನ್ನಾ ಸೋಲಿಸಿದ್ದು ತಮ್ಮದೇ ಡೆಮಾಕ್ರಟಿಕ್ ಪಕ್ಷದ ಮೈಕ್ ಹೋಂಡಾರನ್ನು. ಅಪಾಯವೂ ಇದೆ. 2012ರಲ್ಲಿ ಡೆಮಾಕ್ರಟರ ಒಲವಿದ್ದ 31ನೇ ಕ್ಷೇತ್ರದಲ್ಲಿ ಅವರ ನಾಲ್ವರು ವೋಟು ಹಂಚಿಕೊಂಡರು. ನವೆಂಬರ್‌ಗೆ ಉಳಿದವರು ಇಬ್ಬರೂ ರಿಪಬ್ಲಿಕನ್ನರೇ!

ಒಂದೇ ಪಕ್ಷ ಸದಾ ಗೆಲ್ಲುವ ಕಡೆ ಟಾಪ್-ಟೂ ಮೇಲು ಅನ್ನೋದು ನನ್ನ ಅಭಿಪ್ರಾಯ. ಸಣ್ಣ ಪಕ್ಷ ಮೆಚ್ಚುವವರಿಗೆ ಪಕ್ಷದ ಪ್ರೈಮರಿಯೇ ವಾಸಿ. ಟಾಪ್-ಟೂ ಇದ್ದಲ್ಲಿ ನವೆಂಬರ್ ಪಟ್ಟಿಯಲ್ಲಿ ಅವರ ಅಭ್ಯರ್ಥಿಯ ಹೆಸರು ಕಾಣುವುದೇ ಅಪರೂಪ.