ಮಡಿಕೇರಿ ಪೇಟೆಯೋ, ನಾಲ್ಕುನಾಡು ಅರಮನೆಯೋ?

ಕೊಡಗಿನ ರಾಜರ ಕಾಲದ ಜಾಗ ನೋಡಬೇಕು, ಕೈಯಲ್ಲಿರುವುದು ಒಂದೇ ದಿನ. ನಾನಿರುವುದು ಕುಶಾಲನಗರದಲ್ಲಿ, ಹಾಗಾಗಿ ಬಂದ ನೆಂಟರೆಲ್ಲ ಕೇಳುವುದು ಇದನ್ನೇ. ಮಡಿಕೇರಿ ಪೇಟೆ ಸುತ್ತುವುದಾ, ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗುವುದಾ? ಎರಡೂ ಕಡೆ ನೆಂಟರನ್ನು ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ಬಂದವರಿಗೆ ಮಡಿಕೇರಿಯೇ ಸರಿ. ನನ್ನ ಮನಸ್ಸು ಮಾತ್ರ ನಾಲ್ಕುನಾಡಿನ ಕಡೆ.

ಮಡಿಕೇರಿಯಲ್ಲಿ ಎಲ್ಲವೂ ನಡೆಯುವಷ್ಟು ಹತ್ತಿರ. ಏರು ಇಳಿತ ಜಾಸ್ತಿ, ಮಂಡಿ ನೋವಿನವರಿಗೆ ಆಟೋ ಬೇಕು. ಕೋಟೆಯನ್ನು ಮೊದಲು ಮಣ್ಣಲ್ಲಿ ಕಟ್ಟಿಸಿದವನು ಕೊಡಗಿನ ರಾಜ ಮುದ್ದುರಾಜ. ಕಲ್ಲಿನ ಕೋಟೆ ಮಾಡಿದವನು ಟಿಪ್ಪು. ಕೋಟೆಯೊಳಗಿನ ಅರಮನೆ ಈಗಿನ ರೂಪ ಪಡೆದದ್ದು ಲಿಂಗರಾಜನ ಕಾಲದಲ್ಲಿ, 1812-14ರ ಹೊತ್ತಿಗೆ. ಆದರೆ ಬಹಳ ಕಾಲ ಸರ್ಕಾರಿ ಕಚೇರಿ ನಡೆಸಿದ ಕಟ್ಟಡ ಅದು. ಒಳಗೆ ನಿಂತರೆ ರಾಜನಿಗಿಂತ ಗುಮಾಸ್ತರೇ ನೆನಪಾಗುತ್ತಾರೆ! ಮಕ್ಕಳಿಗೆ ಇಷ್ಟವಾಗುವುದು ಮೂಲೆಯಲ್ಲಿರುವ ಗಾರೆಯ ಆನೆಗಳು. ಪಕ್ಕದಲ್ಲೇ 1855ರ ಇಂಗ್ಲಿಷರ ಚರ್ಚು, ಈಗ ಮ್ಯೂಸಿಯಂ. ಅಲ್ಲಿಯ ವೀರಗಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಓಂಕಾರೇಶ್ವರ ದೇವಸ್ಥಾನ 1820ರದು, ಕಟ್ಟಿಸಿದವನು ಅದೇ ಲಿಂಗರಾಜ. ಮೇಲೆ ಗುಮ್ಮಟ, ಮುಂದೆ ಕೆರೆ. ದೂರದಿಂದ ನೋಡಿದವರು ಮಸೀದಿ ಅಂದುಕೊಂಡರೆ ತಪ್ಪಿಲ್ಲ. ಸೂರ್ಯಾಸ್ತ ನೋಡುವ ರಾಜಾಸೀಟಿನ ಬಗ್ಗೆ ಹೇಳುವುದೇನಿಲ್ಲ, ಸಂಜೆ ಜನವೋ ಜನ.

ಬಿಡಲೇಬಾರದ್ದು ಗದ್ದಿಗೆ. ಮಹದೇವಪೇಟೆ ದಾಟಿ ಗುಡ್ಡದ ಮೇಲೆ ದೊಡ್ಡ ವೀರರಾಜೇಂದ್ರ, ಲಿಂಗರಾಜ ಇವರ ಸಮಾಧಿಗಳಿವೆ. ಹೊರಗಿನ ರೂಪ ಮುಸ್ಲಿಂ ಗೋರಿಯ ಹಾಗೆ, ಮೂಲೆಗಳಲ್ಲಿ ಮಾತ್ರ ನಂದಿ! ಹತ್ತಿರದಲ್ಲೇ ಟಿಪ್ಪುವಿನ ಕಾಲದ ಯುದ್ಧದಲ್ಲಿ ಹೋರಾಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಪ್ರವಾಸಿಗರ ಕಾರು ಇಲ್ಲಿಗೆ ಬರುವುದೇ ಕಡಿಮೆ. ನಾವು ಹೋದಾಗ ಬಾಗಿಲು ಹಾಕಿತ್ತು, ಹೊರಗಿನಿಂದ ನೋಡಿದ್ದೇ ಸಾಕಾಯಿತು.

ಇನ್ನು ನಾಲ್ಕುನಾಡು. ನಾಪೋಕ್ಲು ಮೇಲೆ ಹೋಗಿ, ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡ. ಬಸ್ಸು ನಂಬಿ ಹೊರಟರೆ ದಿನ ಬಸ್ಸಿಗೇ ಹೋಗುತ್ತದೆ. ಸ್ವಂತ ಗಾಡಿ ಇರಲಿ. ನೋಡುವುದು ಇರುವುದೂ ಒಂದೇ ಕಟ್ಟಡ. ದೊಡ್ಡ ವೀರರಾಜೇಂದ್ರ 1792-94ರಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆ, ಎದುರಿಗೆ ಚಿಕ್ಕ ಮದುವೆ ಮಂಟಪ. 'ಇಷ್ಟೇನಾ ಅರಮನೆ?' ಅಂತ ನಮ್ಮತ್ತೆ ಕೇಳಿಯೇಬಿಟ್ಟರು. ಮೈಸೂರು ಅರಮನೆ ನೋಡಿದವರಿಗೆ ಹಾಗನಿಸುವುದು ಸಹಜ ಅಲ್ವಾ?

ಒಳಗೆ ಹೋದ ಮೇಲೆ ಅವರ ಮಾತು ನಿಂತಿತು. ಮರದ ಕೆತ್ತನೆ, ಮಾಸಿದ ಗೋಡೆ ಚಿತ್ರ, ಕತ್ತಲೆಯ ಕಿರಿದಾದ ಕೋಣೆಗಳು. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಕೊನೆಯ ರಾಜ ಚಿಕ್ಕವೀರರಾಜ ಮಡಿಕೇರಿ ಬಿಟ್ಟು ಬಂದು ಸೇರಿದ್ದು ಇಲ್ಲಿಗೆ. ಆಮೇಲೆ ಶರಣಾಗಿ ಕಾಶಿಗೆ, ಅಲ್ಲಿಂದ ಲಂಡನ್ನಿಗೆ ಹೋದ. ವಾಪಸ್ಸು ಬರಲಿಲ್ಲ. ಮಡಿಕೇರಿಯಲ್ಲಿ ರಾಜರು ಜನರಿಗೆ ತೋರಿಸಲು ಕಟ್ಟಿದ್ದು ಕಾಣುತ್ತದೆ. ಅವರ ಹೆದರಿಕೆ ಕಾಣಬೇಕಾದರೆ ಈ ಮನೆಗೇ ಬರಬೇಕು.

ಊಟದ ವಿಷಯದಲ್ಲಿ ಮಡಿಕೇರಿ ಸುಲಭವಾಗಿ ಗೆಲ್ಲುತ್ತದೆ. ಕಡಂಬುಟ್ಟು ಅನ್ನುವ ಅಕ್ಕಿ ಕಡುಬು, ಹಂದಿ ಮಾಂಸದ ಪಂದಿಕರಿ, ಅಕ್ಕಿ ರೊಟ್ಟಿ, ಯಾವುದು ಬೇಕೋ ಅದು. ಶುಕ್ರವಾರ ಹೋದರೆ ಸಂತೆಯೂ ಸಿಗುತ್ತದೆ. ಕಕ್ಕಬ್ಬೆ ಕಡೆ ಹೋಗುವವರು ಬುತ್ತಿ ಕಟ್ಟಿಕೊಂಡರೆ ಒಳ್ಳೆಯದು.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಯೋಚನೆ ಬೇಡ, ಮಡಿಕೇರಿ. ಪೇಟೆ ಮೊದಲೇ ನೋಡಿದ್ದು, ಗಾಡಿಯೂ ಇದ್ದರೆ ನಾಲ್ಕುನಾಡು. ಒಂದೇ ದಿನದಲ್ಲಿ ಎರಡನ್ನೂ ತುರುಕಲು ಹೋಗಬೇಡಿ, ಗದ್ದಿಗೆ ತಪ್ಪಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಕಕ್ಕಬ್ಬೆ ಆಸೆ ಬಿಡಿ. ಮಳೆಯನ್ನಾದರೂ ಸಹಿಸಬಹುದು, ಜಿಗಣೆ ಕಾಟ ಬೇಡ.