ಅಮ್ಮನ ಶುಗರ್ ಮೀಟರ್: ಎರಡು ವರ್ಷ ಬಳಸಿದ ಮೇಲೆ

ಕಳೆದ ಏಕಾದಶಿ ಮಧ್ಯಾಹ್ನ ಅಮ್ಮ ಸುಮ್‌ಸುಮ್ನೆ ಎಲ್ಲರ ಮೇಲೂ ರೇಗತೊಡಗಿದರು. ಫ್ಯಾನ್ ತಿರುಗುತ್ತಿದ್ದರೂ ಹಣೆ ತುಂಬ ಬೆವರು, ಕೈಯಲ್ಲಿದ್ದ ನೀರಿನ ಲೋಟ ಗಡಗಡ ನಡುಗುತ್ತಿತ್ತು. ಪಕ್ಕದ ಮನೆ ಆಂಟಿ "ಶುಗರ್ ಜಾಸ್ತಿ ಆಗಿರಬೇಕು, ಸಿಹಿ ಕೊಡಬೇಡಿ" ಅಂದರು. ಮೀಟರ್ ತಂದು ಬೆರಳು ಚುಚ್ಚಿ ನೋಡಿದರೆ 58. 70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್. ಉಪವಾಸ ಅಂತ ತಿಂಡಿ ಬಿಟ್ಟಿದ್ದರು, ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು.

ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದಾಗ 84. ಆಮೇಲೆ ಉಪವಾಸ ಮುರಿಸಿ ಇಡ್ಲಿ ತಿನ್ನಿಸಿದೆವು. ತಂಗಿ ಮೊದಲು ಮೈಸೂರು ಪಾಕ್ ತಂದಿದ್ದಳು, ಬೇಡ ಅಂದೆ, ತುಪ್ಪ ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ ಆಗುತ್ತೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಓಡಬೇಕು.

ನಮ್ಮದು ಅಕ್ಯು-ಚೆಕ್ ಇನ್‌ಸ್ಟಂಟ್. ಸಣ್ಣ ಹನಿ ರಕ್ತ ಸಾಕು, ಕೆಲವೇ ಸೆಕೆಂಡಿನಲ್ಲಿ ಅಂಕಿ ಬರುತ್ತೆ. ನನಗೆ ತುಂಬಾ ಹಿಡಿಸಿದ್ದು ಪಕ್ಕದಲ್ಲಿರುವ ಬಣ್ಣದ ಪಟ್ಟಿ. ಕನ್ನಡಕ ಇಲ್ಲದಿದ್ದರೂ ಅಮ್ಮ ಬಾಣ ಕೆಂಪಿನ ಕಡೆ ಇದೆಯಾ, ಹಸಿರಿನ ಕಡೆ ಇದೆಯಾ ಅಂತ ನೋಡಿ ಹೇಳುತ್ತಾರೆ. ಲ್ಯಾಬ್ ರಿಪೋರ್ಟಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ. ಮನೆ ಮೀಟರ್‌ಗಳಿಗೆ 100ರ ಮೇಲಿನ ಅಂಕಿಯಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆ ಒಪ್ಪಿತವೇ, ಅದಕ್ಕೆ ಗಾಬರಿ ಬೇಡ.

ಒಂದು ಸಲ ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡು 260 ತೋರಿಸಿ ಅಮ್ಮ ಅಳುವ ಹಾಗಾಗಿದ್ದರು. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ ಇನ್ನೊಂದು ಬೆರಳಲ್ಲಿ ನೋಡಿದರೆ 148. ಬೆರಳ ತುದಿಯ ಮಧ್ಯಕ್ಕೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ನಿಜವಾಗಿ ಹೈ ಆದಾಗ ಸಾಮಾನ್ಯವಾಗಿ ಲೋ ಥರ ದಿಢೀರ್ ಗಡಿಬಿಡಿ ಇರಲ್ಲ. ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಕಣ್ಣು ಮಂಜು, ಎಲ್ಲ ಮೆಲ್ಲಗೆ ಶುರುವಾಗುತ್ತೆ. ಅಂಥ ದಿನ ಅಂಕಿ ಬರೆದಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತೇವೆ, ನಾವೇ ಮಾತ್ರೆ ಏರಿಸುವುದಿಲ್ಲ.

ಖರ್ಚು ಮೀಟರಿಗಲ್ಲ, ರಕ್ತದ ಹನಿ ತಾಗಿಸುವ ಸ್ಟ್ರಿಪ್ಪಿಗೆ. ಒಂದು ಮೆಡಿಕಲ್ ಶಾಪಿನವರು ಎರಡೇ ತಿಂಗಳಲ್ಲಿ ಡೇಟ್ ಮುಗಿಯುವ 50 ಸ್ಟ್ರಿಪ್‌ಗಳ ಡಬ್ಬಿ ಕೊಟ್ಟು, ವಾಪಸ್ ತಗೊಳ್ಳಲಿಲ್ಲ. ನಾವು ಬಳಸುವುದು ವಾರಕ್ಕೆ ಎರಡೋ ಮೂರೋ, ಅರ್ಧಕ್ಕರ್ಧ ಕಸಕ್ಕೆ ಹೋಯಿತು. ದುಡ್ಡು ಕೊಡುವ ಮೊದಲೇ ಡೇಟ್ ನೋಡಿ. ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕಿಡಿ, ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತೆ.