ಹೀಬ್ರೂ ಅಕ್ಷರಗಳ ಕಾರ್ಡುಗಳು: ತಾವ್ ಒಂದೇ ಸಾಕು

ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಕ್ರೈಸ್ತ ಅರ್ಥವಿವರಣೆ ನೀಡುವ ಈ ಕಾರ್ಡುಗಳನ್ನು ಮಡಿಕೇರಿಯ ಅಂಗಡಿಯೊಂದರಲ್ಲಿ ಕೊಂಡು, ಮಳೆ ಬಿಡದ ಒಂದು ವಾರ ಮನೆಯಲ್ಲೇ ಕುಳಿತು ಓದಿದೆ. ಕೊನೆಯ ಅಕ್ಷರವಾದ 'ತಾವ್' ಕಾರ್ಡಿಗೇ ಕೊಟ್ಟ ಹಣ ಸಾರ್ಥಕವೆನಿಸಿತು: ಪ್ರಾಚೀನ ಲಿಪಿಯಲ್ಲಿ ಅದು ಎರಡು ಗೆರೆಗಳು ಅಡ್ಡಹಾಯ್ದ ಶಿಲುಬೆಯಾಕಾರದ ಗುರುತಾಗಿತ್ತೆಂಬುದನ್ನೂ, ಬೈಬಲಿನ ಯೆಹೆಜ್ಕೇಲ 9:4ರಲ್ಲಿ ನರಳುವವರ ಹಣೆಗೆ ಹಾಕುವ ಗುರುತಿಗೆ ಮೂಲದಲ್ಲಿ ಇದೇ ಪದವಿರುವುದರಿಂದ ಆದಿ ಕ್ರೈಸ್ತಸಭೆಯ ಲೇಖಕರು ಅಲ್ಲಿ ಶಿಲುಬೆಯನ್ನು ಕಂಡರೆಂಬುದನ್ನೂ, ಅಸಿಸಿಯ ಸಂತ ಫ್ರಾನ್ಸಿಸರು ಅದರ ಗ್ರೀಕ್ ರೂಪವಾದ 'ಟೌ'ವನ್ನು ಸಹಿಯಾಗಿ ಬಳಸಿದರೆಂಬುದನ್ನೂ ಅಚ್ಚುಕಟ್ಟಾಗಿ ವಿವರಿಸಲಾಗಿದೆ. ಕೊಕ್ಕೆ ಎಂಬರ್ಥದ 'ವಾವ್' ಅಕ್ಷರವನ್ನು ಶಿಲುಬೆಯ ಮೊಳೆಯೆಂದು ಓದಿರುವುದು ಮಾತ್ರ ಭಕ್ತಿಯ ಕಲ್ಪನೆಯೇ ಹೊರತು ಭಾಷಾಶಾಸ್ತ್ರವಲ್ಲ. ಆ ಮಾತನ್ನು ಕಾರ್ಡಿನಲ್ಲೇ ಹೇಳಬಹುದಿತ್ತು.

ಕಾರ್ಡುಗಳ ಹಿಂಬದಿಯಲ್ಲಿ, 22 ಭಾಗಗಳ 119ನೆಯ ಕೀರ್ತನೆಯಲ್ಲಿ ಆಯಾ ಅಕ್ಷರದಿಂದ ಆರಂಭವಾಗುವ 8 ವಚನಗಳ ಪೈಕಿ ಒಂದನ್ನು ಕೊಟ್ಟಿದ್ದಾರೆ. ಆದರೆ 'ದಾಲೆತ್' ಮತ್ತು 'ರೇಶ್' ಒಂದೇ ಅಚ್ಚಿನಲ್ಲಿ ಬಂದಿವೆ. ದಾಲೆತ್‌ನ ಬಲಮೂಲೆ ಚೂಪಾಗಿ ಹೊರಚಾಚಬೇಕು, ರೇಶ್‌ನದು ದುಂಡಗಿರಬೇಕು. ನಾನೇ ಪೆನ್ನಿನಿಂದ ತಿದ್ದಿಕೊಂಡೆ. ಕಾಗದವೂ ತೆಳು. ನಮ್ಮ ಜುಲೈ ತಿಂಗಳ ಶೀತಕ್ಕೆ ಮೂರೇ ದಿನದಲ್ಲಿ ಅಂಚುಗಳು ಸುರುಟಿಕೊಂಡವು, ಆದ್ದರಿಂದ ಕೊಳ್ಳುವವರು ಮೊದಲು ಲ್ಯಾಮಿನೇಷನ್ ಮಾಡಿಸಿಕೊಳ್ಳುವುದು ಲೇಸು.